ಚಿತ್ರ ಬಾರದವರ ನಕ್ಷೆ

ಜಾತ್ರೆಯ ಅಂಗಡಿಸಾಲಿನಲ್ಲಿ, ಕರಕುಶಲ ಮೇಳದ ಮಳಿಗೆಗಳಲ್ಲಿ ಈಗ ತೆಳು ಪ್ಲೈವುಡ್ಡಿನಲ್ಲಿ ಕೊರೆದ ಹೆಸರು, ಮುಖ, ದೇವರ ಆಕೃತಿಗಳು ನೇತಾಡುತ್ತಿರುತ್ತವೆ. ಗಿರಾಕಿ ಮೊಬೈಲಿನಲ್ಲಿರುವ ಫೋಟೊ ತೋರಿಸಿದರೆ ಸಾಕು. ಮಳಿಗೆಯ ಹುಡುಗ ಅದನ್ನು ಕಪ್ಪು-ಬಿಳುಪಿಗೆ ಇಳಿಸಿ, ಅಂಚಿನ ಗೆರೆ ತೆಗೆದು, ಲೇಸರ್ ಯಂತ್ರಕ್ಕೆ ಕೊಡುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಯಾರದೋ ಅಜ್ಜಿ ಹಲಗೆಯಲ್ಲಿ ಮೂಡಿ ನಗುತ್ತಿರುತ್ತಾರೆ. ಚಿತ್ರ ಬರೆಯಲು ಬಾರದವರೂ ಇಂಥದ್ದನ್ನು ಮಾಡುವ ಕಾಲ ಕಡೆಗೂ ಬಂತಲ್ಲ ಎಂದು ನೋಡುವವರು ಮೆಚ್ಚುತ್ತಾರೆ. ಆ ಮೆಚ್ಚುಗೆಯ ಮಾತು ಕೇಳಿದಾಗಲೆಲ್ಲ ನನಗೆ ನಮ್ಮ ಕಾಲದ ಪ್ರೌಢಶಾಲೆಯ ಕ್ರಾಫ್ಟ್ ಪೀರಿಯಡ್ಡು, ಅಲ್ಲಿಯ ಫ್ರೆಟ್ ಗರಗಸ, ಹೊಸದಾಗಿ ಕೊಯ್ದ ಮರದ ಪುಡಿಯ ವಾಸನೆ ನೆನಪಾಗುತ್ತವೆ. ಜತೆಗೆ ಒಂದು ತಕರಾರೂ ಏಳುತ್ತದೆ. ಚಿತ್ರ ಬಾರದವರಿಗೆ ಆ ದಾರಿ ಆಗಲೂ ತೆರೆದೇ ಇತ್ತು. ತೆರೆದಿದೆ ಎಂದು ಹೇಳುವವರು ಇರಲಿಲ್ಲ. ಗರಗಸಕ್ಕೆ ಬೇಕಾದ ನಕ್ಷೆ ಚಿತ್ರಕಲೆಯ ಒಂದು ಶಾಖೆ ಎಂದು ನಮಗೆ ಕಲಿಸಿದವರು ನಂಬಿದ್ದರು, ನಮ್ಮನ್ನೂ ನಂಬಿಸಿದರು. ಅದು ಬೇರೆಯದೇ ವಿದ್ಯೆ, ಅದಕ್ಕೆ ಬೇರೆಯದೇ ಬುದ್ಧಿ ಬೇಕು, ಆ ಬುದ್ಧಿ ಪೆನ್ಸಿಲ್ ಹಿಡಿಯಲು ಹೆದರುವವರಲ್ಲೂ ಧಾರಾಳವಾಗಿ ಇರುತ್ತದೆ ಎಂಬುದು ಇಷ್ಟು ವರ್ಷಗಳ ನಂತರ ನನಗೆ ಖಚಿತವಾಗಿದೆ.

ಆ ಕ್ರಾಫ್ಟ್ ಕೋಣೆಗಳು ಸಾಮಾನ್ಯವಾಗಿ ಶಾಲೆಯ ಕಟ್ಟಕಡೆಯಲ್ಲಿ, ಸದ್ದು ಬೇರೆ ತರಗತಿಗೆ ಕೇಳದಷ್ಟು ದೂರದಲ್ಲಿ ಇರುತ್ತಿದ್ದವು. ಯು ಆಕಾರದ ಉದ್ದ ಕಬ್ಬಿಣದ ಚೌಕಟ್ಟು, ಅದಕ್ಕೊಂದು ಮರದ ಹಿಡಿ, ಎರಡು ತುದಿಯ ತಿರುಪುಗಳ ನಡುವೆ ದಾರದಷ್ಟು ಸಣ್ಣ ಬ್ಲೇಡು. ಮೇಜಿನ ಅಂಚಿಗೆ ವಿ ಆಕಾರದಲ್ಲಿ ಕೊರೆದ ಹಲಗೆಯೊಂದನ್ನು ಬಿಗಿದು, ಅದರ ಮೇಲೆ ಪ್ಲೈವುಡ್ ಇಟ್ಟು, ಆ ಸೀಳಿನ ನಡುವೆ ಗರಗಸವನ್ನು ಮೇಲೆ ಕೆಳಗೆ ಆಡಿಸಬೇಕು. ಬ್ಲೇಡಿನ ಹಲ್ಲುಗಳು ಕೆಳಮುಖವಾಗಿರಬೇಕು. ಕೆಳಕ್ಕೆ ಎಳೆದಾಗ ಮಾತ್ರ ಕೊಯ್ಯಬೇಕು. ಚೌಕಟ್ಟನ್ನು ಎದೆಗೂ ಮೇಜಿಗೂ ನಡುವೆ ಒತ್ತಿ ಹಿಡಿದು ಬ್ಲೇಡು ಬಿಗಿಯುವಾಗ ಮಕ್ಕಳ ಮುಖದಲ್ಲಿ ಕಾಣುತ್ತಿದ್ದ ಗಾಂಭೀರ್ಯ ಗಣಿತದ ಪರೀಕ್ಷೆಯಲ್ಲೂ ಕಾಣುತ್ತಿರಲಿಲ್ಲ. ಬ್ಲೇಡುಗಳು ಡಜನ್ ಲೆಕ್ಕದಲ್ಲಿ ತಂತಿ ಸುತ್ತಿದ ಕಟ್ಟುಗಳಾಗಿ ಬರುತ್ತಿದ್ದವು, ಬಹಳ ಬೇಗ ತುಂಡಾಗುತ್ತಿದ್ದವು. ಕ್ರಾಫ್ಟ್ ಮೇಷ್ಟ್ರುಗಳು ಅವನ್ನು ಬೀರುವಿನಲ್ಲಿಟ್ಟು ಒಂದೊಂದಾಗಿ ಎಣಿಸಿ ಕೊಡುತ್ತಿದ್ದರು. ಜಿಪುಣತನ ಅಂತ ಆಗ ಅನ್ನಿಸುತ್ತಿತ್ತು; ವರ್ಷಕ್ಕೆ ಇಷ್ಟೇ ಎಂದು ಮಂಜೂರಾದ ಹಣದಲ್ಲಿ ಅಷ್ಟು ಮಕ್ಕಳ ಕೈಗೆ ಗರಗಸ ಕೊಟ್ಟವರ ಕಷ್ಟ ಈಗ ಅರ್ಥವಾಗುತ್ತದೆ. ಬೆರಳು ಕುಯ್ದುಕೊಂಡೀತು ಎಂದು ಹೆದರಿ ಬೀಗ ಹಾಕಿಬಿಡುವ ಶಾಲೆಗಳನ್ನು ನೋಡಿದ ಮೇಲಂತೂ ಅವರ ಧೈರ್ಯದ ಬಗ್ಗೆ ನನಗೆ ಗೌರವ ಹೆಚ್ಚಾಗಿದೆ. ಆದರೆ ಗೌರವ ಇರುವುದರಿಂದಲೇ ಅವರು ಕಲಿಸದೆ ಬಿಟ್ಟದ್ದನ್ನೂ ಹೇಳಬೇಕು.

ನಕ್ಷೆಗಳು ಒಂದು ಹಳೆಯ ರಟ್ಟಿನ ಕಟ್ಟಿನಲ್ಲಿರುತ್ತಿದ್ದವು: ನವಿಲು, ಗಣಪತಿ, ಓಂಕಾರ, ದೀಪದ ಕಂಬ, ಆನೆ, ಕರ್ನಾಟಕದ ಭೂಪಟ. ಅವನ್ನು ಟ್ರೇಸಿಂಗ್ ಹಾಳೆಯ ಮೇಲೆ ಇಳಿಸಿಕೊಂಡು, ಕಾರ್ಬನ್ ಹಾಳೆಯಿಂದ ಪ್ಲೈವುಡ್ಡಿಗೆ ದಾಟಿಸಬೇಕು. ಇಲ್ಲವೇ ಮೈದಾ ಅಂಟಿನಲ್ಲಿ ಹಾಳೆಯನ್ನೇ ಹಲಗೆಗೆ ಅಂಟಿಸಿ, ಕೊಯ್ದಾದ ಮೇಲೆ ಉಪ್ಪುಕಾಗದದಿಂದ ಉಜ್ಜಿ ತೆಗೆಯಬೇಕು. ಹೊಸ ನಕ್ಷೆ ಮಾಡುವ ಹಕ್ಕು ಮಾತ್ರ ಚಿತ್ರ ಚೆನ್ನಾಗಿ ಬರೆಯುವ ನಾಲ್ಕಾರು ಮಕ್ಕಳಿಗೆ, ಅಂದರೆ ಡ್ರಾಯಿಂಗ್ ಲೋಯರ್ ಪರೀಕ್ಷೆ ಕಟ್ಟಿದವರಿಗೆ ಮೀಸಲು. ಮಿಕ್ಕವರಿಗೆ ಹೇಳುತ್ತಿದ್ದ ಮಾತು ಒಂದೇ: ನಿನಗೆ ಚಿತ್ರ ಬರೋದಿಲ್ಲ, ನೀನು ನೀಟಾಗಿ ಕೊಯ್ಯೋದು ಕಲಿ. ಹೇಳುವವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೂ ಹದಿಮೂರು ಹದಿನಾಲ್ಕು ವಯಸ್ಸಿನ ತಲೆಯಲ್ಲಿ ಅದು ಗಟ್ಟಿಯಾಗಿ ಕುಳಿತುಬಿಡುತ್ತದೆ. ಯೋಚಿಸುವವರು ಕೆಲವರು, ಕೊಯ್ಯುವವರು ಉಳಿದವರು ಎಂಬ ವಿಂಗಡಣೆಗೆ ಶಾಲೆಯೇ ಮುದ್ರೆ ಒತ್ತಿದ ಹಾಗಾಯಿತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಕಲ್ಪನೆಯಲ್ಲಿ ಕಸುಬೆಂದರೆ ಕಲಿಕೆಯ ನಡುಗಂಬ. ಕೈ ಮಾಡುವುದನ್ನು ತಲೆ ತಿಳಿಯಬೇಕು, ತಲೆ ತಿಳಿದದ್ದನ್ನು ಕೈ ಮಾಡಬೇಕು. ಅದು ಶಾಲೆಗಳವರೆಗೆ ಇಳಿದು ಬರುವಷ್ಟರಲ್ಲಿ ವೇಳಾಪಟ್ಟಿಯ ಕೊನೆಯ ಪೀರಿಯಡ್ ಆಗಿ, ಆ ಪೀರಿಯಡ್ಡಿನೊಳಗೂ ತಲೆಯವರು ಕೈಯವರು ಎಂದು ಎರಡಾಗಿತ್ತು.

ಆ ರಟ್ಟಿನ ಕಟ್ಟಿನ ಹಾಳೆಗಳನ್ನು ಈಗ ನೆನೆದುಕೊಂಡರೆ ಅವುಗಳಲ್ಲೇ ನನ್ನ ವಾದಕ್ಕೆ ಮೊದಲ ಸಾಕ್ಷಿ ಸಿಗುತ್ತದೆ. ಅವು ಮೂಲ ನಕ್ಷೆಗಳಾಗಿರಲಿಲ್ಲ. ಹಿಂದಿನ ವರ್ಷದವರು ಇಳಿಸಿದ್ದರಿಂದ ಈ ವರ್ಷದವರು, ಇವರದ್ದರಿಂದ ಮುಂದಿನವರು ಇಳಿಸಿಕೊಂಡು ಬಂದವು. ಹಾಗೆ ಇಳಿಯುತ್ತಾ ಬಂದ ನವಿಲಿನ ಕೊಕ್ಕು ಮೊಂಡಾಗುತ್ತಿತ್ತು, ಅದರ ಕಾಲು ದಪ್ಪವಾಗುತ್ತಿತ್ತು, ಗರಿಗಳ ನಡುವಿನ ತೂತುಗಳ ಸಂಖ್ಯೆ ಕಡಿಮೆಯಾಗುತ್ತಿತ್ತು. ಡ್ರಾಯಿಂಗ್ ಮೇಷ್ಟ್ರ ಕಣ್ಣಿಗೆ ಅದು ಕೆಟ್ಟುಹೋದ ನವಿಲು. ಗರಗಸ ಹಿಡಿದವರ ಕಣ್ಣಿಗೆ ಮುರಿಯದ ನವಿಲು. ಸಣ್ಣ ಕಾಲು ಕೊಯ್ಯುವಾಗಲೇ ಮುರಿದದ್ದನ್ನು ಕಂಡವರು ಮುಂದಿನ ಸಲ ಇಳಿಸುವಾಗ ಗೆರೆಯನ್ನು ಕೂದಲೆಳೆಯಷ್ಟು ಹೊರಕ್ಕೆ ಸರಿಸಿದ್ದರು, ಯಾರೂ ಹೇಳಿಕೊಡದೆ. ಒಂದು ಗೆರೆಯನ್ನೂ ಸ್ವಂತವಾಗಿ ಎಳೆಯಲಾರೆವು ಎಂದುಕೊಂಡಿದ್ದ ಮಕ್ಕಳೇ ವರ್ಷವರ್ಷವೂ ಆ ನವಿಲನ್ನು ಮರಕ್ಕೆ ಹೊಂದುವಂತೆ ತಿದ್ದಿದ್ದರು. ಅದೇ ನಕ್ಷೆ ಮಾಡುವ ಕೆಲಸ. ಅದನ್ನು ಹಾಗೆಂದು ಗುರುತಿಸಿ ಬೆನ್ನು ತಟ್ಟುವವರು ಇರಲಿಲ್ಲ.

ಗರಗಸದ ನಕ್ಷೆಗೂ ಚಿತ್ರಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಹಾಳೆಯ ಮೇಲಿನ ಚಿತ್ರದಲ್ಲಿ ಪ್ರತಿ ಗೆರೆಗೂ ಆಧಾರವಾಗಿ ಹಾಳೆ ಇರುತ್ತದೆ. ಕಣ್ಣಿನ ಪಾಪೆ ಎಲ್ಲಿಗೂ ತಾಗದೆ ತೇಲುತ್ತಿದ್ದರೂ ಬಿದ್ದುಹೋಗುವುದಿಲ್ಲ. ಹಲಗೆಯಲ್ಲಿ ಹಾಗಿಲ್ಲ. ಒಳಗಿನ ಭಾಗವನ್ನು ತೆಗೆಯಬೇಕಾದರೆ ಮೊದಲು ಸಣ್ಣ ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ, ತೂತಿನೊಳಗೆ ತೂರಿಸಿ, ಮತ್ತೆ ಬಿಗಿದು, ಸುತ್ತ ಕೊಯ್ದು ಹೊರಟ ಜಾಗಕ್ಕೇ ಬರಬೇಕು. ಸುತ್ತು ಮುಗಿದ ಕ್ಷಣ ಆ ತುಂಡು ಕೆಳಗೆ ಬೀಳುತ್ತದೆ, ಅದರೊಳಗೆ ಏನೇನಿತ್ತೋ ಅದೆಲ್ಲ ಸೇರಿ. ಆದ್ದರಿಂದ ನಕ್ಷೆ ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಚೆನ್ನಾಗಿದೆಯೇ ಎಂಬುದಕ್ಕಿಂತ ಮೊದಲು ನಿಲ್ಲುತ್ತದೆಯೇ ಎಂಬುದು. ಉಳಿಯಬೇಕಾದ ಭಾಗದ ಮೇಲೆ ಎಲ್ಲಾದರೂ ಬೆರಳಿಟ್ಟು, ಬೆರಳೆತ್ತದೆ, ತೂತಿನ ಮೇಲೆ ಕಾಲಿಡದೆ, ಹಲಗೆಯ ಹೊರ ಅಂಚಿಗೆ ಹೋಗಿ ಸೇರಬಹುದೇ? ಸೇರಬಹುದಾದರೆ ನಕ್ಷೆ ನಿಲ್ಲುತ್ತದೆ. ಇಲ್ಲವಾದರೆ ಎಲ್ಲೋ ಒಂದು ಕಡೆ ಸೇತುವೆ ಬಿಡಬೇಕು. ಸೇತುವೆ ಎಷ್ಟು ಅಗಲ, ಯಾವ ದಿಕ್ಕಿಗೆ ಎಂಬುದನ್ನು ಮರದ ಎಳೆ ಹೇಳುತ್ತದೆ: ಎಳೆಯ ಉದ್ದಕ್ಕೆ ಬಿಟ್ಟ ಸಣ್ಣ ಪಟ್ಟಿ ತಾಳುತ್ತದೆ, ಎಳೆಗೆ ಅಡ್ಡವಾಗಿ ಬಿಟ್ಟದ್ದು ಉಪ್ಪುಕಾಗದ ಹಚ್ಚುವಾಗಲೇ ಪಟ್ಟೆಂದು ಮುರಿಯುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಸ್ವಲ್ಪ ರಿಯಾಯಿತಿ ಇದೆ. ಗಟ್ಟಿ ಮರದಲ್ಲಿ ಅದೂ ಇಲ್ಲ. ಇವುಗಳಲ್ಲಿ ಯಾವುದಕ್ಕೂ ಚಿತ್ರದ ಕೈ ಬೇಡ. ಕರ್ನಾಟಕದ ಭೂಪಟವನ್ನೇ ನೋಡಿ. ಅದನ್ನು ಕೊಯ್ಯಲು ಕಲಾವಿದರಾಗಬೇಕೆಂದು ಯಾರೂ ಹೇಳುವುದಿಲ್ಲ. ಚೌಕುಳಿ ಹಾಳೆಯಲ್ಲಿ ಮನೆ ಎಣಿಸಿ ಯಾರು ಬೇಕಾದರೂ ದೊಡ್ಡದು ಮಾಡಬಹುದು. ಆದರೆ ಮೇಲೆ ಬೀದರ್ ಕಡೆಗೆ ಚಾಚಿದ ಕುತ್ತಿಗೆ, ಮೂರು ಕಡೆ ಆಂಧ್ರ ಸುತ್ತಿಕೊಂಡ ಪಾವಗಡ, ಇವನ್ನು ಅಂಗೈಯಗಲದ ಹಲಗೆಯಲ್ಲಿ ಉಳಿಸಿಕೊಳ್ಳುವುದು ಹೇಗೆ? ಪಾವಗಡದ ಕೊರಳನ್ನು ಸ್ವಲ್ಪ ದಪ್ಪ ಮಾಡಬೇಕೋ, ಹಲಗೆಯ ಎಳೆ ಬೀದರಿನ ಕಡೆಗೆ ಹೋಗುವಂತೆ ಭೂಪಟವನ್ನು ತಿರುಗಿಸಬೇಕೋ ಎಂದು ತೀರ್ಮಾನಿಸುವವರು ಆ ಹೊತ್ತಿಗೆ ವಿನ್ಯಾಸಕಾರರೇ.

ಕನ್ನಡದ ಅಕ್ಷರಗಳಲ್ಲಿ ಈ ವಿಚಾರ ಇನ್ನೂ ಸೊಗಸಾಗಿ ಕಾಣುತ್ತದೆ, ಮನೆಯ ಹೆಸರನ್ನು ಮರದಲ್ಲಿ ಕೊಯ್ಯಲು ಹೊರಟವರೆಲ್ಲ ಇದನ್ನು ಎದುರಿಸಲೇಬೇಕು. ರ ಅಕ್ಷರವನ್ನು ಮರದಲ್ಲಿ ಉಳಿಸಿದರೆ ನಡುವೆ ಒಂದು ತೂತು, ಅಷ್ಟೆ, ತೊಂದರೆಯಿಲ್ಲ. ಅದೇ ರ ಅಕ್ಷರವನ್ನು ಹಲಗೆಯಲ್ಲಿ ತೂತಾಗಿ ಕೊರೆದರೆ ನಡುವಿನ ಬಿಲ್ಲೆ ಬಿದ್ದುಹೋಗಿ ಬರೀ ಹೊಂಡ ಉಳಿಯುತ್ತದೆ. ಠ ಅಕ್ಷರ ಎರಡು ಬಗೆಯಲ್ಲೂ ಕಾಡುತ್ತದೆ: ಉಳಿಸಿದರೆ ಒಳಗಿನ ಚುಕ್ಕೆ ಬೀಳುತ್ತದೆ, ಕೊರೆದರೆ ಚುಕ್ಕೆಯ ಸುತ್ತಲಿನ ಬಿಲ್ಲೆ ಬೀಳುತ್ತದೆ. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ತಾಗದೆ ಕೆಳಗೆ ನಿಂತಿರುತ್ತವೆ. ಅನುಸ್ವಾರದ ಸೊನ್ನೆ ಪಕ್ಕದಲ್ಲಿ ಒಂಟಿಯಾಗಿರುತ್ತದೆ. ಅಮ್ಮ ಎಂದು ಕೊಯ್ದರೆ ಮೂರು ತುಂಡು. ಅವನ್ನು ಒಂದಾಗಿಸಲು ಒತ್ತನ್ನು ಮೇಲಕ್ಕೆ ಸರಿಸಿ ತಾಗಿಸಬಹುದು, ಕೆಳಗೊಂದು ಪಟ್ಟಿ ಕೊಟ್ಟು ಅದರ ಮೇಲೆ ಎಲ್ಲವನ್ನೂ ಕೂರಿಸಬಹುದು, ತಲೆಕಟ್ಟುಗಳನ್ನು ಉದ್ದ ಎಳೆದು ಒಂದಕ್ಕೊಂದು ಸೇರಿಸಬಹುದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಕೊಳ್ಳಿ ಅಥವಾ ಪತ್ರಿಕೆಯ ದಪ್ಪ ಶೀರ್ಷಿಕೆಯಿಂದ ಕತ್ತರಿಸಿ ಅಂಟಿಸಿಕೊಳ್ಳಿ, ಬರೆಯುವ ಕೆಲಸವೇ ಇಲ್ಲ. ಸರಿಸುವ, ತಾಗಿಸುವ, ಸೇರಿಸುವ ಕೆಲಸ ಮಾತ್ರ ಇದೆ. ಅಕ್ಕಿ ಗಿರಣಿಯ ಗೋಣಿಚೀಲದ ಮೇಲೆ ತಗಡಿನ ಅಚ್ಚಿಟ್ಟು ಹೆಸರು ಬಳಿಯುವವರು ಇದನ್ನು ಬಹಳ ಹಿಂದೆಯೇ ಬಲ್ಲರು. ಆ ಅಕ್ಷರಗಳಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ಸಣ್ಣ ತುಂಡರಿಕೆಗಳೆಲ್ಲ ಒಳಗಿನ ತಗಡನ್ನು ಹಿಡಿದುಕೊಂಡ ಸೇತುವೆಗಳೇ.

ಇದೆಲ್ಲ ಲೆಕ್ಕಾಚಾರ, ಕಲೆಯಲ್ಲ ಎನ್ನುವವರು ಇರಬಹುದು. ಅವರಿಗೆ ನಾನು ಧಾರವಾಡ ಸೀಮೆಯ ಕಸೂತಿಯನ್ನು ತೋರಿಸುತ್ತೇನೆ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ ಅರಳುವುದು ಬಟ್ಟೆಯ ಮೇಲೆ ಮೊದಲು ಬರೆದುಕೊಂಡ ಚಿತ್ರದಿಂದಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಹೋಗುವುದರಿಂದ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ, ಪೆನ್ಸಿಲ್ ಮುಟ್ಟದ ಹೆಂಗಸರು ತಲೆಮಾರುಗಳ ಕಾಲ ಎಣಿಕೆಯಿಂದಲೇ ಆನೆ ಮಾಡಿದರು. ಆ ಆನೆಯ ಬೆನ್ನು ಮೆಟ್ಟಿಲುಮೆಟ್ಟಿಲಾಗಿದೆ, ಅದೇ ಅದರ ಚೆಲುವು. ಚುಕ್ಕಿ ರಂಗೋಲಿಯದ್ದೂ ಅದೇ ದಾರಿ. ಚುಕ್ಕಿ ಸಾಲಾಗಿ ಬಿದ್ದರೆ ಕೈ ನಡುಗುವವರಿಗೂ ಎಳೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುತ್ತದೆ. ತಮಿಳುನಾಡಿನ ಕೋಲಗಳನ್ನು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಜತೆಗಾರರು 1970ರ ದಶಕದಲ್ಲಿ ಗಣಿತದ ವ್ಯಾಕರಣವಾಗಿ ಬಿಡಿಸಿ ತೋರಿಸಿದ್ದೂ ಈ ಕಾರಣಕ್ಕೇ, ಅವುಗಳ ಹಿಂದೆ ನಿಯಮ ಇದೆ. ಬೇಲೂರಿನ ಜಾಲಂಧ್ರಗಳಲ್ಲಿ ಕಥೆ ಹೇಳುವ ಶಿಲ್ಪದ ಫಲಕಗಳ ಜತೆಗೇ ಬರೀ ಜ್ಯಾಮಿತಿಯ ಜಾಲರಿಗಳೂ ಇವೆ. ಬೆಳಕಿಗೆ ದಾರಿ ಬಿಟ್ಟೂ ಕಲ್ಲು ಕಳಚದಂತೆ ನಿಲ್ಲಿಸಿದ ಆ ತೂತುಗಳ ಸಾಲು ಗರಗಸದವರ ಸಮಸ್ಯೆಯನ್ನೇ ಕಲ್ಲಿನಲ್ಲಿ ಬಿಡಿಸಿದೆ. ಬೆಂಗಳೂರಿನ ಹಳೆಯ ಬಂಗಲೆಗಳ ಮಂಕಿ ಟಾಪ್ ಕಿಟಕಿಗಳ ಮೇಲೆ, ಸೂರಿನ ಅಂಚಿನಲ್ಲಿ ಕಾಣುತ್ತಿದ್ದ ಮರದ ಅಲಂಕಾರದ ಪಟ್ಟಿಗಳೂ ಹೀಗೆಯೇ: ಗೇಣುದ್ದದ ಒಂದು ತುಣುಕು, ಅದನ್ನೇ ಮಗುಚಿ ಇನ್ನೊಂದು, ಮತ್ತೆ ಅದೇ. ಹಾಳೆಯನ್ನು ಎರಡಾಗಿ ಮಡಚಿ ಕತ್ತರಿ ಆಡಿಸಿ ಬಿಚ್ಚಿದರೆ ಎರಡೂ ಕಡೆ ಸಮನಾದ ಆಕೃತಿ ಬರುತ್ತದೆ. ಬಳೆ, ತಟ್ಟೆ, ನಾಣ್ಯ ಇಟ್ಟು ಸುತ್ತ ಗೆರೆ ಎಳೆದರೆ ವೃತ್ತಗಳು ಬರುತ್ತವೆ. ಇಷ್ಟರಿಂದಲೇ ಒಂದು ಕಿಟಕಿಯ ಜಾಲರಿಗೆ ಸಾಕಾಗುವಷ್ಟು ನಕ್ಷೆ ಹುಟ್ಟುತ್ತದೆ.

ಮೈಸೂರಿನ ಬೀಟೆಮರದ ಇನ್‌ಲೇ ಕೆಲಸವನ್ನು ಎದುರುವಾದಕ್ಕೆ ತರಬಹುದು. ಅಲ್ಲಿ ಮೊದಲ ನಕ್ಷೆ ಬರೆಯುವವರು ನಿಜಕ್ಕೂ ಚಿತ್ರಕಾರರು, ಒಳ್ಳೆಯ ಚಿತ್ರಕಾರರು. ಅದನ್ನು ಒಪ್ಪುತ್ತೇನೆ. ಆದರೆ ಕಾರ್ಖಾನೆಯ ಒಳಗೆ ಕೆಲಸ ಹೇಗೆ ಹಂಚಿಕೆಯಾಗುತ್ತದೆ ನೋಡಿ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಅದನ್ನು ತುಂಡುತುಂಡಾಗಿ ಹಂಚಿ ತೆಳು ಮರದ ಮೇಲೆ ಅಂಟಿಸಿ ಸಣ್ಣ ಗರಗಸದಲ್ಲಿ ಕೊಯ್ಯುತ್ತಾರೆ, ಮತ್ತೊಬ್ಬರು ಬೀಟೆಯ ಹಲಗೆಯಲ್ಲಿ ತಗ್ಗು ತೆಗೆದು ಕೂರಿಸುತ್ತಾರೆ, ಉಜ್ಜಿ ಪಾಲಿಶ್ ಮಾಡುವವರು ಬೇರೆ. ಹಲಸಿನ ಹಳದಿ ಎಲ್ಲಿಗೆ, ಬೀಟೆಯ ಕಂದು ಎಲ್ಲಿಗೆ, ಯಾವ ತುಂಡಿನ ಎಳೆಯನ್ನು ಅಡ್ಡ ಇಟ್ಟರೆ ಕೆರೆಯ ನೀರಾಗುತ್ತದೆ, ಯಾವುದನ್ನು ಓರೆಯಾಗಿಟ್ಟರೆ ಮೋಡವಾಗುತ್ತದೆ ಎಂದು ಆರಿಸುವ ಕಣ್ಣು ಪೆನ್ಸಿಲ್ ಹಿಡಿಯುವ ಕೈಯನ್ನು ಕಾಯುವುದಿಲ್ಲ. ಮರವೇ ಬರೆದಿಟ್ಟ ಚಿತ್ರವನ್ನು ಆ ಕಣ್ಣು ಗುರುತಿಸುತ್ತದೆ. ಅಂಬಾವಿಲಾಸ ಅರಮನೆಯ ಬೀಟೆಮರದ ಬಾಗಿಲುಗಳಲ್ಲಿ ದಂತದ ಕೆತ್ತನೆ ಕೂದಲೆಳೆಯಷ್ಟು ನಯವಾಗಿದೆ. 1986 ಮತ್ತು 1991ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಗಳಾಗಿ ದಂತದ ವ್ಯಾಪಾರವೇ ನಿಂತಿತು, ನಿಲ್ಲಬೇಕಾದದ್ದೇ. ದಂತ ತಾಳುತ್ತಿದ್ದ ಸಣ್ಣ ಗೆರೆಯನ್ನು ಮರ ತಾಳುವುದಿಲ್ಲ. ವಸ್ತು ಬದಲಾದರೆ ಗೆರೆಯೂ ಬದಲಾಗಬೇಕು. ಎಲ್ಲಿ ದಪ್ಪ ಮಾಡಬೇಕು, ಏನನ್ನು ಬಿಟ್ಟುಬಿಡಬೇಕು ಎಂಬುದು ಕೊಯ್ಯುವವರಿಗೇ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಮುಖಗಳ ವಿಷಯ ಸ್ವಲ್ಪ ಬೇರೆ, ಏಕೆಂದರೆ ಮುಖ ತಪ್ಪಿದರೆ ಎಲ್ಲರಿಗೂ ತಿಳಿಯುತ್ತದೆ. ಚಿತ್ರ ಬಾರದವರು ಹೆಚ್ಚು ಹೆದರುವುದೂ ಇಲ್ಲಿಯೇ. ಆದರೆ ಮುಖವನ್ನು ಎಳೆಯದೆ ಇಳಿಸುವ ಉಪಾಯಗಳಿಗೆ ಬಹಳ ದಿನಗಳ ಚರಿತ್ರೆ ಇದೆ. 1603ರಲ್ಲಿ ಕ್ರಿಸ್ಟೋಫ್ ಶೈನರ್ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಇಳಿಸುವ ಪ್ಯಾಂಟೋಗ್ರಾಫ್ ಮಾಡಿದ. 1786ರಲ್ಲಿ ಫ್ರಾನ್ಸಿನ ಗಿಲ್ ಲೂಯಿ ಕ್ರೆತಿಯಾಂ ಮುಖದ ಪಕ್ಕನೋಟವನ್ನು ಯಂತ್ರದಿಂದ ಇಳಿಸುವ ಸಾಧನ ಮಾಡಿದ. ದೀಪದ ಎದುರು ಕೂರಿಸಿ ಗೋಡೆಯ ಮೇಲಿನ ನೆರಳಿನ ಸುತ್ತ ಗೆರೆ ಎಳೆದು ಕಪ್ಪು ಹಾಳೆಯಲ್ಲಿ ಕತ್ತರಿಸುವುದು ಆ ಕಾಲದ ಯುರೋಪಿನಲ್ಲಿ ಮನೆಮನೆಯ ಹವ್ಯಾಸವಾಗಿತ್ತು. ಇಂಗ್ಲೆಂಡಿನ ಡೀರ್‌ಹ್ಯಾಮಿನಿಂದ 1895ರಲ್ಲಿ ಹೊರಟ ಹಾಬೀಸ್ ಎಂಬ ವಾರಪತ್ರಿಕೆ ಫ್ರೆಟ್ ಗರಗಸದವರಿಗಾಗಿ ನಕ್ಷೆಯ ಹಾಳೆಗಳನ್ನು ಪುಕ್ಕಟೆ ಕೊಡುತ್ತಿತ್ತು. ನಮ್ಮೂರುಗಳಿಗೆ ಝೆರಾಕ್ಸ್ ಅಂಗಡಿ ಬಂದಾಗ ಇನ್ನೊಂದು ಬಾಗಿಲು ತೆರೆಯಿತು. ಫೋಟೊದ ಝೆರಾಕ್ಸ್, ಅದರ ಝೆರಾಕ್ಸ್, ಮತ್ತೆ ಅದರದ್ದು ಎಂದು ತೆಗೆಯುತ್ತಾ ಹೋದರೆ ನಡುವಿನ ಬೂದುಬಣ್ಣ ಸತ್ತು ಕಪ್ಪು-ಬಿಳುಪು ಮಾತ್ರ ಉಳಿಯುತ್ತದೆ; 141 ಶೇಕಡಾ ಎಂದರೆ ಎ4 ಹಾಳೆ ಎ3 ಆಗುತ್ತದೆ. ಆ ಯಂತ್ರ ಪೇಟೆಪೇಟೆಯಲ್ಲೂ ಇತ್ತು, ಅದರಿಂದ ನಕ್ಷೆ ಮಾಡಬಹುದೆಂಬ ಯೋಚನೆ ಮಾತ್ರ ಕ್ರಾಫ್ಟ್ ಕೋಣೆಯನ್ನು ಮುಟ್ಟಲಿಲ್ಲ. ಈಗ ಅದೇ ಕೆಲಸವನ್ನು ಪೀಟರ್ ಸೆಲಿಂಗರ್ 2001ರಲ್ಲಿ ಬರೆದ ಪೋಟ್ರೇಸ್, ಅದನ್ನು ಒಳಗೊಂಡ ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶಗಳು ಕ್ಷಣದಲ್ಲಿ ಮಾಡುತ್ತವೆ. ಇಷ್ಟಕ್ಕಿಂತ ಗಾಢವಾದದ್ದೆಲ್ಲ ಕಪ್ಪು, ಅದಕ್ಕಿಂತ ತಿಳಿಯಾದದ್ದೆಲ್ಲ ಬಿಳಿ ಎಂದು ಗಡಿ ಹಾಕುವುದಷ್ಟೇ ಇಲ್ಲಿಯ ತತ್ವ. ಆ ಗಡಿಯನ್ನು ಎಲ್ಲಿ ಹಾಕಬೇಕು ಎಂಬುದು ಮಾತ್ರ ನಮ್ಮ ಕೆಲಸ, ಅದೇ ಮುಖ್ಯ ಕೆಲಸ. ಎದುರಿನಿಂದ ಫ್ಲ್ಯಾಶ್ ಹೊಡೆದು ತೆಗೆದ ಫೋಟೊದಲ್ಲಿ ನೆರಳೇ ಇಲ್ಲದ್ದರಿಂದ ಕಣ್ಣು, ಹುಬ್ಬು, ಮೂಗಿನ ಹೊಳ್ಳೆಗಳು ಚೂರುಚೂರಾಗಿ ತೇಲುತ್ತವೆ. ಕಿಟಕಿಯ ಪಕ್ಕ ಕೂರಿಸಿ ಓರೆಬೆಳಕಿನಲ್ಲಿ ತೆಗೆದರೆ ಕೂದಲಿನ ಕಪ್ಪು ಕೆನ್ನೆಯ ನೆರಳಿಗೆ, ನೆರಳು ಕಣ್ಣಿನ ಗುಳಿಗೆ, ಗುಳಿ ಮೂಗಿಗೆ ತಾನಾಗಿ ಸೇರಿಕೊಂಡು ಒಂದೇ ತುಂಡಾಗುತ್ತದೆ. ಬೆಳಕು ಬಿದ್ದ ಕೆನ್ನೆಯ ಗೆರೆ ಅಳಿಸಿಹೋಗುತ್ತದಲ್ಲ ಎಂದು ಚಿಂತಿಸಬೇಕಾಗಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ಕ್ರೇಗ್ ಮೂನಿ 1957ರಲ್ಲಿ ಬರೀ ಕಪ್ಪು-ಬಿಳಿ ತೇಪೆಗಳಾಗಿ ಒಡೆದ ಮುಖಗಳನ್ನು ಮಕ್ಕಳಿಗೆ ತೋರಿಸಿ ಪರೀಕ್ಷಿಸಿದ. ಇಲ್ಲದ ಗೆರೆಯನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಎಲ್ಲವನ್ನೂ ತೋರಿಸಬೇಕೆಂಬ ಹಟ ಇಲ್ಲದವರಿಗೆ ಈ ನಕ್ಷೆ ಸುಲಭವಾಗಿ ಒಲಿಯುತ್ತದೆ. ಚಿತ್ರ ಚೆನ್ನಾಗಿ ಬರೆಯುವವರು ಎಷ್ಟೋ ಸಲ ಇಲ್ಲಿಯೇ ಎಡವುತ್ತಾರೆ, ಬಿಡಲು ಅವರಿಗೆ ಮನಸ್ಸು ಬರುವುದಿಲ್ಲ.

ಇಳಿಸಿಕೊಳ್ಳುವುದು ಕಳ್ಳತನವಲ್ಲವೇ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ತೂಕವೂ ಇದೆ. ಇನ್ನೊಬ್ಬರ ಚಿತ್ರವನ್ನು ಹಾಗೇ ಇಳಿಸಿ ಕೊಯ್ದು ಸಂತೆಯಲ್ಲಿ ಮಾರುವುದು ಸರಿಯಲ್ಲ. ನಮ್ಮ ಕಾನೂನಿನಲ್ಲಿ ಕಲಾಕೃತಿಯ ಹಕ್ಕು ಕಲಾವಿದರ ಜೀವಿತಾವಧಿಗೂ ಆಮೇಲಿನ 60 ವರ್ಷಗಳಿಗೂ ಇರುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಊರ ಸ್ವತ್ತು ಎಂದುಕೊಂಡವರು ಹೆಚ್ಚಾಗಿರುವ ಕಾಲದಲ್ಲಿ ಇದನ್ನು ಒತ್ತಿ ಹೇಳಬೇಕು. ಆದರೆ ಆಕ್ಷೇಪಕ್ಕೆ ಉತ್ತರ ಇಳಿಸುವುದನ್ನೇ ಬಿಡುವುದಲ್ಲ. ಇಳಿಸಲು ಸ್ವಂತದ್ದನ್ನು ಹುಡುಕಿಕೊಳ್ಳುವುದು. ಮನೆಯ ಹಸು, ಹಿತ್ತಲಿನ ಬಾಳೆ, ಊರ ದೇವಸ್ಥಾನದ ಕಳಶ, ಅಜ್ಜನ ಪೇಟ, ತಾವೇ ತೆಗೆದ ಫೋಟೊ. ಗೋರಂಟಿ ಗಿಡದ ಕೊಂಬೆಯನ್ನು ಬಿಸಿಲಿಗೆ ಹಿಡಿದು ಹಾಳೆಯ ಮೇಲೆ ಬಿದ್ದ ನೆರಳಿನ ಸುತ್ತ ಗೆರೆ ಎಳೆದರೆ ಅದು ಯಾರ ನಕಲೂ ಅಲ್ಲ. ರಟ್ಟಿನ ಕಟ್ಟಿನ ನವಿಲನ್ನೇ ಊರೂರಿನ ಮಕ್ಕಳು ಕೊಯ್ದದ್ದಕ್ಕಿಂತ ಇದರಲ್ಲಿ ಸ್ವಂತಿಕೆ ಎಷ್ಟೋ ಹೆಚ್ಚು. ವಿಚಿತ್ರವೆಂದರೆ, ಇಳಿಸುವುದು ಕೀಳು ಎಂದು ಬೋಧಿಸಿದ ಶಾಲೆಯೇ ವರ್ಷಪೂರ್ತಿ ಇಳಿಸುವುದನ್ನಷ್ಟೇ ಮಾಡಿಸಿತು, ಏನನ್ನು ಇಳಿಸಬೇಕೆಂದು ಆರಿಸುವ ಸ್ವಾತಂತ್ರ್ಯವನ್ನು ಕೊಡಲಿಲ್ಲ.

ಚಿತ್ರ ಬರೆಯುವುದರಿಂದ ಕಣ್ಣು ಪಳಗುತ್ತದೆ, ಅದನ್ನು ತಪ್ಪಿಸಿದರೆ ನೋಡುವುದನ್ನೇ ಕಲಿಯುವುದಿಲ್ಲ ಎಂದು ಚಿತ್ರಕಲಾ ಶಿಕ್ಷಕರು ಹೇಳುತ್ತಾರೆ. ಇದು ನನಗೆ ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಎನಿಸುತ್ತದೆ. ಒಂದು ಎಲೆಯನ್ನು ಗಂಟೆಗಟ್ಟಲೆ ನೋಡಿ ಬರೆದವರು ಎಲೆಯ ಬಗ್ಗೆ ತಿಳಿದಷ್ಟು ಅದರ ಫೋಟೊ ತೆಗೆದವರು ತಿಳಿಯುವುದಿಲ್ಲ, ನಿಜ. ಡ್ರಾಯಿಂಗ್ ಪೀರಿಯಡ್ಡನ್ನು ತೆಗೆಯಿರಿ ಎಂದು ನಾನು ಹೇಳಲಾರೆ. ಮಕ್ಕಳೆಲ್ಲ ಬರೆಯಲಿ, ಚೆನ್ನಾಗಿ ಬಂದರೂ ಬಾರದಿದ್ದರೂ. ಅದನ್ನು ಗರಗಸದ ಕೋಣೆಗೆ ಪ್ರವೇಶಪತ್ರ ಮಾಡಬೇಡಿ ಎಂಬುದಷ್ಟೇ ನನ್ನ ಮಾತು. ನೋಡುವುದನ್ನು ಕಲಿಸುವ ದಾರಿ ಒಂದೇ ಅಲ್ಲ. ಒಂದೇ ಫೋಟೊವನ್ನು ಗಡಿ ಬದಲಿಸಿ ಬದಲಿಸಿ ತೆಗೆದ ಹಲವು ಕಪ್ಪು-ಬಿಳುಪು ಪ್ರತಿಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ, ದೂರ ನಿಂತು, ಇದರಲ್ಲಿ ಅಮ್ಮ ಎಲ್ಲಿಯವರೆಗೆ ಅಮ್ಮನಾಗಿಯೇ ಇದ್ದಾರೆ, ಎಲ್ಲಿಂದ ಬೇರೆ ಯಾರೋ ಆಗುತ್ತಾರೆ ಎಂದು ಹುಡುಕುವವರ ಕಣ್ಣು ಕಡಿಮೆ ಪಳಗುವುದಿಲ್ಲ. ಯಾವ ನೆರಳನ್ನು ಉಳಿಸಿದರೆ ನಗು ಉಳಿಯುತ್ತದೆ, ಯಾವುದನ್ನು ತೆಗೆದರೆ ಮುಖ ಗಡುಸಾಗುತ್ತದೆ ಎಂದು ಬಿಡಿಸಿ ನೋಡುವುದೂ ಮುಖವನ್ನು ಕಲಿಯುವ ಬಗೆಯೇ. ಜತೆಗೆ, ಚಿತ್ರ ಬರೆಯುವವರಿಗೆ ಸಾಮಾನ್ಯವಾಗಿ ಬಾರದ ಇನ್ನೊಂದು ನೋಟ ಇಲ್ಲಿ ಅಭ್ಯಾಸವಾಗುತ್ತದೆ, ವಸ್ತುವಿನ ನಡುವಿನ ಖಾಲಿ ಜಾಗವನ್ನು ಒಂದು ಆಕಾರವಾಗಿ ಕಾಣುವ ನೋಟ. ಬ್ಲೇಡು ಸುತ್ತುವುದು ಖಾಲಿಯಾಗಲಿರುವ ಜಾಗದ ಸುತ್ತ; ಕೊಕ್ಕಿಗೂ ಎದೆಗೂ ನಡುವಿನ ಬಯಲನ್ನು ಕೊಕ್ಕಿನಷ್ಟೇ ಗಮನ ಕೊಟ್ಟು ನೋಡದೆ ಅಲ್ಲಿ ಕೆಲಸ ಸಾಗುವುದಿಲ್ಲ.

ಉಳಿದದ್ದು ಲೇಸರಿನ ಮಾತು. ಫೋಟೊ ಕೊಟ್ಟರೆ ಯಂತ್ರವೇ ನಕ್ಷೆ ಮಾಡಿ ಯಂತ್ರವೇ ಕೊಯ್ಯುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, ಮೇಳದ ಮಳಿಗೆಯಲ್ಲಿ ನೇತಾಡುವ ಮುಖಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ ಎನ್ನುತ್ತೇನೆ. ಅಂಚಿನಲ್ಲಿ ಸುಟ್ಟ ಕಪ್ಪಿನ ಜತೆಗೆ, ಅರ್ಥವಿಲ್ಲದ ಚುಕ್ಕೆಗಳು, ಎಲ್ಲೆಂದರಲ್ಲಿ ಬಿಟ್ಟ ಸೇತುವೆಗಳು, ಕಣ್ಣಿನ ನಡುವೆಯೇ ಹಾದ ಪಟ್ಟಿಗಳು ಕಾಣುತ್ತವೆ. ತಂತ್ರಾಂಶ ಬೂದುಬಣ್ಣದ ಪ್ರಮಾಣವನ್ನು ಅಳೆಯುತ್ತದೆ. ಕಪ್ಪು ಎಂದರೆ ಮರ, ಬಿಳಿ ಎಂದರೆ ಗಾಳಿ ಎಂಬುದು ಅದಕ್ಕೆ ಗೊತ್ತಿಲ್ಲ. ಬಿಡಿ ತುಂಡುಗಳನ್ನು ಗುರುತಿಸಿ ಸೇತುವೆ ಹಾಕುವ ತಂತ್ರಾಂಶಗಳೂ ಇವೆ. ಆ ಸೇತುವೆ ಹುಬ್ಬಿನ ಕೊನೆಯಲ್ಲಿ ಬಂದರೆ ಸುಕ್ಕಿನ ಗೆರೆಯಂತೆ ಹೊಂದಿಕೊಳ್ಳುತ್ತದೆ, ರೆಪ್ಪೆಯ ನಡುವೆ ಬಂದರೆ ಮುಖವೇ ಗಾಯಗೊಂಡಂತೆ ಕಾಣುತ್ತದೆ ಎಂದು ಅವು ತಿಳಿಯಲಾರವು. ಸ್ಕ್ರೋಲ್ ಸಾ ಯಂತ್ರದಲ್ಲೋ ಕೈಗರಗಸದಲ್ಲೋ ತಾವೇ ಕೊಯ್ಯುವವರು ಒಂದೊಂದು ತೂತಿಗೂ ಬ್ಲೇಡು ಬಿಚ್ಚಿ ಕಟ್ಟಬೇಕಾದ್ದರಿಂದ ಈ ತೂತು ಬೇಕೇ ಎಂದು ಪ್ರತಿ ಸಲವೂ ಕೇಳಿಕೊಳ್ಳುತ್ತಾರೆ. ಆ ಪ್ರಶ್ನೆಯಿಂದ ನಕ್ಷೆ ಸರಳವಾಗುತ್ತದೆ, ಸರಳವಾದಷ್ಟೂ ಗಟ್ಟಿಯಾಗುತ್ತದೆ. ಲೇಸರಿನವರೂ ಇದನ್ನು ಕೇಳಿಕೊಂಡರೆ ಅವರ ಕೆಲಸವೂ ಚೆಲುವಾಗುತ್ತದೆ, ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಂದು ಬಡಗಿಗಳು, ತೋಟಗಾರರು, ಕುಂಬಾರರಂಥ ಕಸುಬುದಾರರ ಬಳಿ ಕಲಿಯಬೇಕೆಂದು ಸೂಚಿಸಿದೆ. ಯಾವ ಸರ್ಕಾರ ಯಾವ ನೀತಿ ಹಿಡಿದರೂ ಅಂಥ ದಿನಗಳು ನಮ್ಮ ಶಾಲೆಗಳಿಗೆ ಬರಲಿ ಎಂಬುದು ನನ್ನ ಆಸೆ. ಬಂದ ದಿನ ಮಕ್ಕಳ ಕೈಗೆ ಯಾರೋ ಮಾಡಿಟ್ಟ ನವಿಲನ್ನು ಕೊಡುವ ಬದಲು ಅವರವರ ಹೆಸರಿನ ಅಕ್ಷರಗಳನ್ನು ದಪ್ಪವಾಗಿ ಅಚ್ಚು ಮಾಡಿಸಿ ಕೊಡಬಹುದು. ಯಾವುದು ಬೀಳುತ್ತದೆ, ಯಾವುದು ನಿಲ್ಲುತ್ತದೆ, ಒತ್ತನ್ನು ಎಲ್ಲಿ ತಾಗಿಸೋಣ ಎಂದು ಬೆರಳಿಟ್ಟು ಹುಡುಕಲು ಹೇಳಬಹುದು. ಕಂಠಿ, ನೀಲಕಂಠ ಎಂಬ ಹೆಸರಿನ ಮಕ್ಕಳಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕಾಗುತ್ತದೆ.